ಅಳತೆ ರವಿಕೆ

"ಯಾವ ಸೈಜು ಬ್ರಾ ಹಾಕ್ತೀರಿ?" ಎಂದು ಡಾಕ್ಟರು ಕೇಳಿದರು.

"36" ಎಂದೆ.

"ಅದು ಸುತ್ತಳತೆ ಆಯ್ತು. ನನಗೆ ಬೇಕಾದ್ದು ಎಷ್ಟು ಹಿಡಿಯುತ್ತೆ ಅನ್ನೋದು."

ಎಷ್ಟು ಹಿಡಿಯುತ್ತದೆ! ಕೊಡಪಾನದ ಬಗ್ಗೆ ಕೇಳುವ ಪ್ರಶ್ನೆ ಇದು. ಅಕ್ಕಿ ಡಬ್ಬದ ಬಗ್ಗೆ ಕೇಳುವ ಪ್ರಶ್ನೆ. ತೂಕ ಎಷ್ಟು, ಶುಗರ್ ಎಷ್ಟು, ಬಿಪಿ ಎಷ್ಟು ಎಂದು ನನ್ನನ್ನು ಬೇಕಾದಷ್ಟು ಜನ ಕೇಳಿದ್ದಾರೆ. ಮೈಯ ಒಂದು ಭಾಗ ಎಷ್ಟು ಹಿಡಿಯುತ್ತದೆ ಎಂದು ಯಾರೂ ಕೇಳಿರಲಿಲ್ಲ. ಉತ್ತರವೂ ನನ್ನ ಹತ್ತಿರ ಇರಲಿಲ್ಲ.

ನಾನು ಕುಮಟಾದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಕ್ಯಾನ್ಸರ್ ಎಂದು ಎಡಗಡೆಯದನ್ನು ಪೂರ್ತಿ ತೆಗೆದು ನಾಲ್ಕು ವರ್ಷವಾಯಿತು. ಆಪರೇಶನ್ ಮಾಡಿದ ಕಡೆ, ಆಮೇಲೆ ಹೊಸದು ಕಟ್ಟಬಹುದು ಎಂದು ಯಾರೂ ಒಂದು ಮಾತು ಹೇಳಲಿಲ್ಲ. ಆ ಸಿಟ್ಟು ಇನ್ನೂ ಸ್ವಲ್ಪ ಇದೆ. ಹೇಳಿದ್ದರೂ ಆಗ ನನ್ನ ಕಿವಿಗೆ ಬೀಳುತ್ತಿತ್ತೋ ಇಲ್ಲವೋ. ಜೀವ ಉಳಿದರೆ ಸಾಕಿತ್ತು. ಈ ಬೇಸಿಗೆ ರಜೆಯಲ್ಲಿ ಮಂಗಳೂರಿಗೆ ಹೋಗಿ ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ಕಂಡೆ. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮೊದಲು ಪ್ರಯಾಣ, ಆಮೇಲೆ ಚಿಕಿತ್ಸೆ. ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ನಾವು ಮಣಿಪಾಲಕ್ಕೋ ಮಂಗಳೂರಿಗೋ. ಇರಲಿ, ಅದು ಬೇರೆಯೇ ಕತೆ.

ಅಲ್ಲಿ ಇನ್ನೊಂದು ಸಂಗತಿ ಗಮನಿಸಿದೆ. ನಾನು ಇಡೀ ಹೊತ್ತು "ಇದು", "ಅದು", "ಎಡಗಡೆಯದು" ಎಂದೇ ಮಾತಾಡಿದೆ. ಡಾಕ್ಟರು "ಬ್ರೆಸ್ಟ್" ಎಂದರು. ರಿಪೋರ್ಟುಗಳನ್ನು ಕನ್ನಡದಲ್ಲಿ ವಿವರಿಸಿದ ನರ್ಸು "ಸ್ತನ" ಎಂದರು, ಅದೂ ದನಿ ಇಳಿಸಿ. ನನ್ನ ಅಜ್ಜಿ ಮಾತ್ರ ಮೊಲೆ ಎಂದು ಅಂಗಳದಲ್ಲಿ ನಿಂತು ಹೇಳುತ್ತಿದ್ದಳು. ಮಗುವಿಗೆ ಮೊಲೆ ಕೊಡು, ಮೊಲೆ ಬಿಡಿಸು, ಮೊಲೆಹಾಲು ಕಣ್ಣಿಗೆ ಬಿಡು. ನಾಚಿಕೆ ಇಲ್ಲ, ಪಿಸುಮಾತಿಲ್ಲ. ಎರಡು ತಲೆಮಾರಿನಲ್ಲಿ ಆ ಶಬ್ದ ಅಂಗಳದಿಂದ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದೆ. ಹೆಸರು ಹೇಳಲು ನಾಚುವ ವಸ್ತುವನ್ನು ಅಳೆಯುವುದು ಹೇಗೆ? ಅದಕ್ಕೇ ಈ ಬರಹದಲ್ಲಿ ಅಜ್ಜಿಯ ಶಬ್ದವನ್ನೇ ಬಳಸುತ್ತೇನೆ.

ಡಾಕ್ಟರು ಟೇಪು ತೆಗೆದರು. ಟೈಲರ್ ಟೇಪಿನಂಥದ್ದೇ, ಆದರೆ ಅಳೆದ ರೀತಿ ಬೇರೆ. ಕುತ್ತಿಗೆಯ ಕೆಳಗಿನ ಗುಳಿಯಿಂದ ತೊಟ್ಟಿಗೆ ಎಷ್ಟು. ತೊಟ್ಟಿನಿಂದ ಕೆಳಗಿನ ಮಡಿಕೆಗೆ ಎಷ್ಟು. ಬುಡದ ಅಗಲ ಎಷ್ಟು. ಎದೆಯಿಂದ ಎಷ್ಟು ಮುಂದೆ ಬಂದಿದೆ. ಪ್ರತಿ ಜಾಗದಲ್ಲೂ ನೀಲಿ ಪೆನ್ನಿನಲ್ಲಿ ಒಂದೊಂದು ಗುರುತು. ಟೈಲರ್ ಅಳತೆಯೆಂದರೆ ಸುತ್ತು ಹಾಕುವುದು. ಇದು ಜಮೀನು ಸರ್ವೆ ಮಾಡಿ ಗಡಿಕಲ್ಲು ನೆಟ್ಟ ಹಾಗಿತ್ತು. ಸರ್ವೆ ಮಾಡಿಸಿಕೊಂಡದ್ದು ಬಲಗಡೆಯದು. ಎಡಗಡೆ ಸರ್ವೆ ಮಾಡಲು ಏನಿದೆ?

ಬ್ರಾ ಸೈಜಿನಿಂದ ಇದೆಲ್ಲ ಏಕೆ ಗೊತ್ತಾಗುವುದಿಲ್ಲ ಎಂದು ಕೇಳಿದೆ. ಅವರು ಹೇಳಿದ್ದು ಚೆನ್ನಾಗಿತ್ತು. ಬಿ, ಸಿ, ಡಿ ಎಂಬ ಅಕ್ಷರಗಳು ಒಂದು ನಿಶ್ಚಿತ ಅಳತೆ ಅಲ್ಲ. ಮೊಲೆಯ ಕೆಳಗೆ ಎದೆಯ ಸುತ್ತಿಗೂ ಮೊಲೆಯ ಮೇಲೆ ಹಾಯುವ ಸುತ್ತಿಗೂ ಇರುವ ವ್ಯತ್ಯಾಸ ಅಷ್ಟೇ. ಅದಕ್ಕೇ 32 ಡಿ, 34 ಸಿ, 36 ಬಿ ಮೂರೂ ಹೆಚ್ಚುಕಡಿಮೆ ಒಂದೇ ಗಾತ್ರ ಹಿಡಿಯುತ್ತವೆ. ಕಂಪನಿ ಬದಲಾದರೆ ಅದೂ ಬದಲು. ನಮ್ಮ ಕಡೆ ಸಿದ್ದೆ ಇದ್ದ ಹಾಗೆ. ನಮ್ಮನೆ ಸಿದ್ದೆಗೂ ಪಕ್ಕದ ಮನೆ ಸಿದ್ದೆಗೂ ಅಕ್ಕಿ ಅಳೆದರೆ ತಾಳೆ ಆಗುವುದಿಲ್ಲ.

ಕೃತಕ ಮೊಲೆ, ಅಂದರೆ ಇಂಪ್ಲಾಂಟ್, ಬರುವುದು ಸಿಸಿ ಲೆಕ್ಕದಲ್ಲಿ. ಒಂದು ಸಿಸಿ ಎಂದರೆ ಒಂದು ಎಂಎಲ್. ಅದು ಹುಟ್ಟಿದ್ದೇ ಚೀಲವಾಗಿ. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಕ್ರೋನಿನ್ ಮತ್ತು ಜೆರೋ ಎಂಬ ಡಾಕ್ಟರುಗಳು ಮೊದಲ ಸಿಲಿಕೋನ್ ಇಂಪ್ಲಾಂಟ್ ಹಾಕಿದ್ದು ಟಿಮ್ಮಿ ಜೀನ್ ಲಿಂಡ್ಸೆ ಎಂಬ ಹೆಂಗಸಿಗೆ. ಆಕೆ ಆಸ್ಪತ್ರೆಗೆ ಹೋಗಿದ್ದದ್ದು ಎದೆಯ ಮೇಲಿನ ಹಚ್ಚೆ ತೆಗೆಸಿಕೊಳ್ಳಲು. ರಕ್ತ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ಹಿಂಡಿ ನೋಡಿದಾಗ ಜೆರೋ ಅವರಿಗೆ ಈ ಉಪಾಯ ಹೊಳೆಯಿತಂತೆ. ಚೀಲ ಎಂದ ಮೇಲೆ ಎಷ್ಟು ತುಂಬಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಎರಡೂ ಕಡೆ ತೆಗೆದವರಿಗೆ ಅದು ಇಷ್ಟದ ಪ್ರಶ್ನೆ. ಒಂದೇ ಕಡೆ ತೆಗೆದ ನನ್ನಂಥವರಿಗೆ ಲೆಕ್ಕದ ಪ್ರಶ್ನೆ.

ವಾಪಸ್ ಬರುವಾಗ ರೈಲಿನಲ್ಲಿ ಸುಮ್ನೆ ಕೂರಲಾಗಲಿಲ್ಲ. ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಬುಡದ ಅಗಲ 13 ಸೆಂಟಿಮೀಟರ್, ಮುಂದೆ ಬಂದದ್ದು 6. ಮೊಲೆಯನ್ನು ಶಂಕು ಎಂದುಕೊಂಡರೆ, ಮೂರನೇ ಒಂದು ಪೈ ಆರ್ ಸ್ಕ್ವೇರ್ ಎಚ್, ಅಂದರೆ ಸುಮಾರು 265 ಸಿಸಿ. ಗುಮ್ಮಟ ಎಂದುಕೊಂಡರೆ ಮೂರನೇ ಎರಡು ಪೈ ಆರ್ ಸ್ಕ್ವೇರ್ ಎಚ್, ಸುಮಾರು 531. ಟೇಪು ಅದೇ, ಮೈ ಅದೇ, ಉತ್ತರ ಮಾತ್ರ ನೇರ ದುಪ್ಪಟ್ಟು! ಶಂಕುವೂ ಅಲ್ಲ, ಗುಮ್ಮಟವೂ ಅಲ್ಲ, ನಿಜವಾದದ್ದು ನಡುವೆ ಎಲ್ಲೋ ಇದೆ. ವಯಸ್ಸಾದ ಹಾಗೆ ಮೇಲೆ ಬರಿದಾಗಿ ಕೆಳಗೆ ತುಂಬುತ್ತದೆ. ಆ ಆಕಾರಕ್ಕೆ ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲಿ ಸೂತ್ರ ಇಲ್ಲ. ಬೈಂದೂರು ದಾಟುವಷ್ಟರಲ್ಲಿ ಚೀಟಿಯಲ್ಲಿ ಜಾಗ ಮುಗಿದಿತ್ತು.

ಮನೆಗೆ ಬಂದ ಮೂರನೇ ದಿನ ಬಚ್ಚಲುಮನೆಯಲ್ಲಿ ಪ್ರಯೋಗ ಮಾಡಿದೆ. ವಸ್ತುವನ್ನು ತುಂಬಿದ ಪಾತ್ರೆಗೆ ಇಳಿಸಿ, ಹೊರಚೆಲ್ಲಿದ ನೀರನ್ನು ಅಳೆದರೆ ಅದೇ ವಸ್ತುವಿನ ಗಾತ್ರ. ವರ್ಷಾ ವರ್ಷ ಮಕ್ಕಳಿಗೆ ಕಲ್ಲು ಇಳಿಸಿ ತೋರಿಸುತ್ತೇನೆ. ಇದನ್ನೇ ಆರ್ಕಿಮಿಡೀಸ್ ತತ್ವ ಎಂದು ಬರೆದ ಮಕ್ಕಳಿಗೆ ಅರ್ಧ ಮಾರ್ಕು ಕಳೆಯುವವಳು ನಾನು. ತತ್ವ ಇರುವುದು ತೇಲಿಸುವ ಬಲದ ಬಗ್ಗೆ, ಇದು ಬರೀ ಜಾಗ ಬಿಟ್ಟುಕೊಡುವ ಲೆಕ್ಕ.

ಅಡುಗೆಮನೆಯಿಂದ ಅಗಲ ಬಾಯಿಯ ಬೋಗುಣಿ ತಂದೆ. ಅದರ ಕೆಳಗೆ ದೊಡ್ಡ ಪರಾತ. ಶಾಲೆಯ ಲ್ಯಾಬಿನಿಂದ ತಂದಿದ್ದ ಅಳತೆ ಜಾಡಿ. ಸಹಾಯಕ್ಕೆ ಅತ್ತಿಗೆ. ಮದುವೆಯಾಗಿ ಬಂದಾಗಿನಿಂದ ನನ್ನ ಎಲ್ಲ ಹುಚ್ಚಿಗೂ ಜೊತೆಯಾದವಳು ಅವಳು. ಬೋಗುಣಿಗೆ ಕಂಠಮಟ್ಟ ಉಗುರುಬೆಚ್ಚಗಿನ ನೀರು ತುಂಬಿ, ಸ್ಟೂಲಿನ ಮೇಲಿಟ್ಟು, ನಾನು ಬಗ್ಗಿದೆ.

"ಎಂತ ಮಾರಾಯ್ತಿ ಇದು! ಎಮ್ಮೆಗೆ ಬಾಯಾರಿದಂಗೆ ಬಗ್ಗಿದ್ಯಲೇ" ಎಂದಳು ಅತ್ತಿಗೆ. ನಗು ಬಂದು ಅರ್ಧ ನೀರು ಚೆಲ್ಲಿತು. ಮೊದಲ ಪ್ರಯತ್ನ ರದ್ದು.

ಆಮೇಲೆ ಮೂರು ಸಲ ಸರಿಯಾಗಿ ಮಾಡಿದೆವು. 430 ಎಂಎಲ್. 515. 370.

ಶಾಲೆಯಲ್ಲಿ ಇಂಥ ರೀಡಿಂಗ್ ತಂದ ಹುಡುಗನನ್ನು ನಾನು ಮತ್ತೆ ಮಾಡಿಸುತ್ತೇನೆ. ಆದರೆ ತಪ್ಪು ನಮ್ಮ ಕೈಯದ್ದು ಮಾತ್ರ ಅಲ್ಲ. ಕಲ್ಲಿಗೆ ಸುತ್ತಲೂ ಅಂಚು ಇದೆ. ಮೊಲೆಗೆ ಮುಂದೆ ಅಂಚಿದೆ, ಹಿಂದೆ ಇಲ್ಲ. ಅದು ಎಲ್ಲಿ ಮುಗಿದು ಎದೆ ಎಲ್ಲಿ ಶುರು? ಬೋಗುಣಿಯ ಬಾಯಿ ಸಪಾಟು, ಪಕ್ಕೆಲುಬು ಬಾಗಿದ್ದು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಸಂದು. ಕಂಕುಳ ಕಡೆಗೆ ಬಾಲದ ಹಾಗೆ ಹೋಗುವ ಭಾಗ ನೀರಿಗೆ ಇಳಿಯುವುದೇ ಇಲ್ಲ. ಮೇಲಾಗಿ ಕೊಬ್ಬು ನೀರಿಗಿಂತ ಹಗುರ. ನೀರೊಳಗೆ ಹೋದದ್ದು ತನ್ನ ಆಕಾರ ಬಿಟ್ಟು ಮೇಲೇಳಲು ನೋಡುತ್ತದೆ. ನಮ್ಮ ಗುಡಿಯ ಕೆರೆಯಲ್ಲಿ ಈಜು ಕಲಿತ ಹೆಂಗಸರಿಗೆಲ್ಲ ಇದು ಗೊತ್ತು, ಹೇಳಿಕೊಳ್ಳುವುದಿಲ್ಲ ಅಷ್ಟೇ.

ನನ್ನ ಹುಚ್ಚು ಎಂದುಕೊಂಡಿದ್ದೆ. ಆಮೇಲೆ ಓದಿದರೆ, ಡಾಕ್ಟರುಗಳೂ ಇದನ್ನೇ ಮಾಡಿದ್ದರು. 1970ರಲ್ಲಿ ಬೌಮನ್ ಎಂಬ ಸರ್ಜನ್ ನೀರು ಚೆಲ್ಲಿಸಿ ಮೊಲೆ ಅಳೆಯುವ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಅತ್ತಿಗೆಗೆ ಹೇಳಿದೆ. "ಅವ್ರಿಗೆ ಪರಾತ ಹಿಡಿದವ್ರು ಯಾರಂತೆ?" ಎಂದಳು.

1980ರಲ್ಲಿ ಗ್ರಾಸ್‌ಮನ್ ಮತ್ತು ರೌಡ್ನರ್ ಎಂಬಿಬ್ಬರು ನೀರಿನ ಗೋಜೇ ಬೇಡ ಎಂದು ಒಂದು ಸಾಧನ ಮಾಡಿದರು. ನನಗೆ ತುಂಬ ಇಷ್ಟವಾದದ್ದು ಇದು. ದುಂಡಗಿನ ಪ್ಲಾಸ್ಟಿಕ್ ಹಾಳೆ, ಅಂಚಿನಿಂದ ನಡುವಿನವರೆಗೆ ಒಂದು ಸೀಳು. ಅದನ್ನು ಮೊಲೆಯ ಮೇಲಿಟ್ಟು, ಸೀಳಿನ ಒಂದು ಅಂಚನ್ನು ಇನ್ನೊಂದರ ಮೇಲೆ ಸರಿಸುತ್ತ ಹೋದರೆ ಶಂಕುವಾಗುತ್ತದೆ. ಮೈಗೆ ಸರಿಯಾಗಿ ಕೂತಾಗ ನಿಲ್ಲಿಸಿ, ಅಂಚು ನಿಂತ ಜಾಗದಲ್ಲಿ ಬರೆದ ಸಿಸಿ ಓದಿಕೊಳ್ಳುವುದು. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವನು ಪೇಪರ್ ಸುತ್ತಿ ಪೊಟ್ಟಣ ಮಾಡುತ್ತಾನಲ್ಲ, ಅದೇ ಕೈಚಳಕ. ಪೊಟ್ಟಣ ಬಿಗಿ ಮಾಡಿದರೆ ಶೇಂಗಾ ಕಡಿಮೆ ಹಿಡಿಯುತ್ತದೆಯೋ ಜಾಸ್ತಿಯೋ ಎಂಬುದು ಅವನಿಗೆ ಚೆನ್ನಾಗಿ ಗೊತ್ತು! ಆದರೆ ಈ ಪೊಟ್ಟಣ ಚಿಕ್ಕದಾಗಿ ಗಟ್ಟಿಯಾಗಿ ನಿಂತ ಮೊಲೆಗೆ ಸರಿ. ಇಬ್ಬರು ಮಕ್ಕಳು ಹಾಲು ಕುಡಿದು, 45 ದಾಟಿ, ಕೆಳಗಿಳಿದದ್ದಕ್ಕೆ ಹೊಂದುವುದಿಲ್ಲ.

ಎಲ್ಲಕ್ಕಿಂತ ನಿಖರ ಎಂದರೆ ಎಂಆರ್‌ಐ. ಬೋರಲಾಗಿ ಮಲಗಿಸಿ, ಹೋಳು ಹೋಳಾಗಿ ಚಿತ್ರ ತೆಗೆದು, ಪ್ರತಿ ಹೋಳಿನ ಹರವನ್ನು ಅದರ ದಪ್ಪದಿಂದ ಗುಣಿಸಿ ಕೂಡಿಸುತ್ತಾರೆ. ಮೊಗೆಕಾಯಿಯನ್ನು ಬಿಲ್ಲೆ ಮಾಡಿ ಒಂದೊಂದೇ ಬಿಲ್ಲೆ ಅಳೆದ ಹಾಗೆ. ಹಿಂದಿನ ಅಂಚು ಎಲ್ಲಿ ಎಂಬುದು ಅದರಲ್ಲಿ ಕಾಣುತ್ತದೆ. ದುಡ್ಡು ಜಾಸ್ತಿ. ಬರೀ ಅಳತೆಗಾಗಿ ಮಾಡಿಸುವುದು ಬೇಡ ಎಂದರು ಡಾಕ್ಟರು. ಈಗ ಮೂರು ಆಯಾಮದ ಕ್ಯಾಮೆರಾ ಬಂದಿದೆ. ಬೇರೆ ಬೇರೆ ಕೋನದಿಂದ ಒಟ್ಟಿಗೆ ಫೋಟೋ ತೆಗೆದು ಕಂಪ್ಯೂಟರು ಮೈಯ ಹೊರಮೈಯನ್ನು ಕಟ್ಟುತ್ತದೆ. ಹಿಂದಿನ ಗೋಡೆ ಅದಕ್ಕೂ ಕಾಣದು. ಇಲ್ಲಿರಬೇಕು ಎಂದು ಅಂದಾಜು ಹಾಕಿ ಗಾತ್ರ ಹೇಳುತ್ತದೆ. ನನ್ನ ಬಲಗಡೆಗೆ ಅದು ಹೇಳಿದ್ದು 480 ಸಿಸಿ.

ಡಾಕ್ಟರು ಮುಟ್ಟಿನ ತಾರೀಕೂ ಕೇಳಿದ್ದರು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೊಲೆ ಊದಿಕೊಳ್ಳುತ್ತದಲ್ಲ, ಆಗ ಅಳೆದರೆ ಲೆಕ್ಕ ಜಾಸ್ತಿ ಬರುತ್ತದೆ. ಕೀಮೋ ನಂತರ ಅದು ನಿಂತೇ ಹೋಯಿತು ಎಂದೆ. "ಹಾಗಾದರೆ ಅದೊಂದು ತಲೆಬಿಸಿ ಇಲ್ಲ" ಎಂದರು. ಇಂಥ ಸಮಾಧಾನಗಳಿಗೂ ಮನುಷ್ಯ ಒಗ್ಗಿಕೊಳ್ಳುತ್ತಾನೆ.

ಹಳೆ ಫೈಲು ತೆಗೆದದ್ದು ಜೂನ್‌ನಲ್ಲಿ. ಜೋರು ಮಳೆ, ಕರೆಂಟಿಲ್ಲ. ಡಾಕ್ಟರು ಹಿಂದಿನ ರಿಪೋರ್ಟುಗಳನ್ನೆಲ್ಲ ಕೇಳಿದ್ದರು ಎಂದು ಟಾರ್ಚ್ ಹಿಡಿದು ಒಂದೊಂದೇ ಹಾಳೆ ಜೋಡಿಸುತ್ತಿದ್ದೆ. ಪೆಥಾಲಜಿ ರಿಪೋರ್ಟು ಕೈಗೆ ಬಂತು. ನಾಲ್ಕು ವರ್ಷದಲ್ಲಿ ಎಷ್ಟೋ ಸಲ ನೋಡಿದ ಹಾಳೆ. ನೋಡುತ್ತಿದ್ದದ್ದು ಕೆಳಗಿನ ಸಾಲುಗಳನ್ನು ಮಾತ್ರ. ಗಡ್ಡೆ ಎಷ್ಟು, ಗ್ರೇಡ್ ಎಷ್ಟು, ಎಷ್ಟು ಗಂಟಿಗೆ ಹಬ್ಬಿದೆ. ಮೇಲಿನ ಸಾಲು ಎಂದೂ ಓದಿರಲಿಲ್ಲ. ಬಂದ ಮಾದರಿಯ ಉದ್ದ, ಅಗಲ, ದಪ್ಪ. ಪಕ್ಕದಲ್ಲಿ ತೂಕ, 410 ಗ್ರಾಂ.

ಅಷ್ಟು ದಿನ ಟೇಪು, ಬೋಗುಣಿ, ಕ್ಯಾಮೆರಾ ಎಂದು ಒದ್ದಾಡಿದ್ದೆ. ನನ್ನ ಎಡ ಮೊಲೆಯನ್ನು ಯಾರೋ ಒಬ್ಬರು ತಕ್ಕಡಿಯ ಮೇಲಿಟ್ಟು ತೂಗಿ ಬರೆದಿಟ್ಟಿದ್ದರು. ಹಿಂದಿನ ಅಂಚು ಎಲ್ಲಿ ಎಂಬ ಅನುಮಾನವೇ ಇರದ ಅಳತೆ. ಚರ್ಮ ಸೇರಿ 410. ಮೊಲೆಯ ಒಳಗಿನದು ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ. ಕೊಬ್ಬು ಸ್ವಲ್ಪ ಹಗುರ, ಗ್ರಂಥಿ ಸ್ವಲ್ಪ ಭಾರ. ಹಾಗಾಗಿ ಗ್ರಾಂ ಎಂದರೂ ಎಂಎಲ್ ಎಂದರೂ ದೊಡ್ಡ ವ್ಯತ್ಯಾಸ ಇಲ್ಲ. ಅರ್ಧ ಕಿಲೋ ಅವಲಕ್ಕಿಗಿಂತ ಕಡಿಮೆ. ಅಡುಗೆಮನೆಗೆ ಹೋಗಿ ಡಿಜಿಟಲ್ ತಕ್ಕಡಿಯಲ್ಲಿ ಅಕ್ಕಿ ತೂಗಿದೆ. 410 ಆಗುವವರೆಗೆ ಹಾಕಿದೆ, ಮುಷ್ಟಿ ಮುಷ್ಟಿ. ಯಾಕೆ ಮಾಡಿದೆ ಎಂದು ಕೇಳಬೇಡಿ. ಬಟ್ಟಲು ಎತ್ತಿ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡೆ. ಆಮೇಲೆ ಅಕ್ಕಿ ಡಬ್ಬಕ್ಕೆ ಸುರಿದು ಮಲಗಿದೆ.

ಅಕ್ಕಿಯ ಜೊತೆ ನನ್ನ ಸಂಬಂಧ ಹಳೆಯದು. ಆಪರೇಶನ್ ಆದ ಹೊಸತರಲ್ಲಿ ಎಡಗಡೆ ಬರೀ ಹತ್ತಿ ತುಂಬಿಕೊಳ್ಳುತ್ತಿದ್ದೆ. ಹತ್ತಿಗೆ ತೂಕ ಇಲ್ಲ, ಕೈ ಎತ್ತಿ ಬೋರ್ಡ್ ಮೇಲೆ ಬರೆದರೆ ಅದು ಕುತ್ತಿಗೆವರೆಗೆ ಏರುತ್ತಿತ್ತು. ಬಲಗಡೆ ಭಾರ ಎಳೆದು ಹೆಗಲು ಓರೆಯಾಗುತ್ತ ಬಂತು. ಅದಕ್ಕೆ ಹಳೆ ವಾಯಿಲ್ ಸೀರೆಯಲ್ಲಿ ಚೀಲ ಹೊಲಿದು ಕುಚ್ಚಲಕ್ಕಿ ತುಂಬಿದೆ. ನಮ್ಮನೆ ಸಿದ್ದೆ ಲ್ಯಾಬಿನ ಜಾಡಿಯಲ್ಲಿ 300 ಎಂಎಲ್ ಬರುತ್ತದೆ. ಒಂದೂವರೆ ಸಿದ್ದೆ ಹಾಕಿದರೆ ನೋಡಲು ಸರಿ. ಆದರೆ ಅಕ್ಕಿ ಕಾಳುಗಳ ನಡುವೆ ಗಾಳಿ ಇರುತ್ತದೆ, ಅಷ್ಟೇ ಗಾತ್ರಕ್ಕೆ ತೂಕ ಕಡಿಮೆ. ಗಾತ್ರ ಸರಿ ಮಾಡಿದರೆ ತೂಕ ಸಾಲದು, ತೂಕ ಸರಿ ಮಾಡಿದರೆ ಗಾತ್ರ ಜಾಸ್ತಿ. ಆ ವರ್ಷ ಆಷಾಢದಲ್ಲಿ ಚೀಲದಿಂದ ಹುಳು ಹೊರಗೆ ಬಂದದ್ದು ಸ್ಟಾಫ್ ರೂಮಿನಲ್ಲಿ. ಅಲ್ಲಿಗೆ ಅಕ್ಕಿ ಅಧ್ಯಾಯ ಮುಗಿಯಿತು. ಆಮೇಲೆ ಸಿಲಿಕೋನ್ ತುಂಡೊಂದು ತರಿಸಿಕೊಂಡೆ. ಅದು ಮೇ ತಿಂಗಳ ಕರಾವಳಿ ಸೆಖೆಯಲ್ಲಿ ಬೆವರಿಗೆ ಅಂಟಿ ಮೈ ಬೊಬ್ಬೆ ಏಳಿಸುತ್ತದೆ. ಆದರೂ ಹುಳು ಹಿಡಿಯುವುದಿಲ್ಲ.

ಅಕ್ಕಿ ಚೀಲ ನನ್ನೊಬ್ಬಳ ಉಪಾಯ ಅಲ್ಲ ಎಂದು ಆಮೇಲೆ ತಿಳಿಯಿತು. ಮೊಲೆ ದೊಡ್ಡದು ಮಾಡಿಸಿಕೊಳ್ಳಲು ಹೊರಟ ವಿದೇಶದ ಹೆಂಗಸರೂ ಪುಟ್ಟ ಚೀಲದಲ್ಲಿ ಅಕ್ಕಿ ತುಂಬಿ ಬ್ರಾ ಒಳಗಿಟ್ಟುಕೊಂಡು, ಎಷ್ಟು ಸಿಸಿ ತಮಗೆ ಒಪ್ಪುತ್ತದೆ ಎಂದು ಮನೆಯಲ್ಲೇ ನೋಡಿಕೊಳ್ಳುತ್ತಾರಂತೆ.

ಎರಡನೇ ಭೇಟಿಗೆ ಹೋದಾಗ ರಿಪೋರ್ಟು ಮುಂದಿಟ್ಟೆ. ಏನೋ ನಿಧಿ ಸಿಕ್ಕಿದವಳ ಹಾಗೆ 410ರ ಕೆಳಗೆ ಗೆರೆ ಎಳೆದುಕೊಂಡು ಹೋಗಿದ್ದೆ. ಡಾಕ್ಟರು ನೋಡಿ ಪಕ್ಕಕ್ಕಿಟ್ಟರು. "ಇದು ಆಗಿನದು. ಕೀಮೋ, ಮಾತ್ರೆ ಎಲ್ಲ ಆಗಿ ನಿಮ್ಮ ತೂಕ ಏರಿದೆ. ಬಲಗಡೆಯದೂ ಬೆಳೆದಿದೆ. ನಾವು ಜೋಡಿ ಮಾಡಬೇಕಾದ್ದು ಈಗ ಇರೋದಕ್ಕೆ. ಹೋದದ್ದಕ್ಕಲ್ಲ."

ಹೇಳಿದ್ದು ಸರಿಯೇ. ಆದರೂ ಬಸ್ಸಿನಲ್ಲಿ ಉಡುಪಿವರೆಗೆ ಆ ಮಾತು ಗಂಟಲಲ್ಲೇ ಕೂತಿತ್ತು. ಕಳೆದುಹೋದದ್ದನ್ನು ವಾಪಸ್ ಪಡೆಯಲು ಹೊರಟಿದ್ದೇನೆ ಎಂದು ನಾನು ತಿಳಿದಿದ್ದೆ. ಅವರ ಲೆಕ್ಕದಲ್ಲಿ ಹೋದದ್ದಕ್ಕೆ ಜಾಗವೇ ಇಲ್ಲ. ಉಳಿದದ್ದು ಏನು ಹೇಳುತ್ತದೋ ಅದೇ ಅಳತೆ. ಬೇಕಾದರೆ ಬಲಗಡೆಯದನ್ನೂ ಸ್ವಲ್ಪ ಚಿಕ್ಕದು ಮಾಡಿ ಎತ್ತಿ ಕಟ್ಟಬಹುದು, ಆಗ ಜೋಡಿ ಸುಲಭ ಎಂದರು. ಅಂದರೆ ಉಳಿದದ್ದೂ ಉಳಿದ ಹಾಗೇ ಇರುವುದಿಲ್ಲ.

ನನಗೆ ರೇಡಿಯೇಶನ್ ಆಗಿದೆ, ಚರ್ಮ ಬಿಗಿ. ಹಾಗಾಗಿ ಬರೀ ಇಂಪ್ಲಾಂಟ್‌ಗಿಂತ ಹೊಟ್ಟೆಯ ಕೊಬ್ಬು, ಚರ್ಮ ತೆಗೆದು ಎದೆಗೆ ಕೂರಿಸಿ, ಸೂಕ್ಷ್ಮದರ್ಶಕದ ಕೆಳಗೆ ರಕ್ತನಾಳ ಜೋಡಿಸುವುದು ಒಳ್ಳೆಯದಂತೆ. ಅಲ್ಲೂ ತಕ್ಕಡಿ ಇದೆ. ತೆಗೆದ ತುಂಡನ್ನು ಥಿಯೇಟರಿನಲ್ಲೇ ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ಹೊಟ್ಟೆಯಲ್ಲಿ ಬೇಕಾದಷ್ಟು ಮಾಲು ಇದೆ ಎಂದು ಖುಷಿಯಾಯಿತು. ಜೀವನದಲ್ಲಿ ಮೊದಲ ಸಲ ಹೊಟ್ಟೆಯ ಬಗ್ಗೆ ಯಾರೋ ಮೆಚ್ಚಿ ಮಾತಾಡಿದ್ದರು.

ಇಷ್ಟೆಲ್ಲ ಅಳೆದ ಮೇಲೆ ಕೊನೆಗೆ ಮಾಡುವುದೇನು ಗೊತ್ತಾ? ಅರಿವಳಿಕೆ ಕೊಟ್ಟ ರೋಗಿಯನ್ನು ಟೇಬಲ್ ಮೇಲೆಯೇ ಎಬ್ಬಿಸಿ ಕೂರಿಸುತ್ತಾರೆ. ಸರ್ಜನ್ ಎರಡು ಹೆಜ್ಜೆ ಹಿಂದೆ ನಿಂತು, ತಲೆ ಓರೆ ಮಾಡಿ, ಕಣ್ಣಳತೆಯಲ್ಲಿ ನೋಡುತ್ತಾರೆ. ಗಣಪತಿ ಮಾಡುವವರು ಎರಡೂ ಕಿವಿ ಸಮ ಬಂತಾ ಎಂದು ನೋಡುವ ಹಾಗೆ. ಸಿಸಿ ಲೆಕ್ಕ ಹತ್ತಿರದವರೆಗೆ ಕರೆದುಕೊಂಡು ಹೋಗುತ್ತದೆ, ಆಮೇಲಿನದು ಕಣ್ಣು.

ಅಂಕೋಲಾ ಸಂತೆಯಲ್ಲಿ ಕೂತ ಹಾಲಕ್ಕಿ ಸಮುದಾಯದ ಅಜ್ಜಿಯರನ್ನು ನಾನು ಚಿಕ್ಕಂದಿನಿಂದ ನೋಡಿದವಳು. ರವಿಕೆ ಇಲ್ಲ, ಹೆಗಲಿಗೆ ಗಂಟು ಹಾಕಿದ ಸೀರೆ, ಕೊರಳಿನಿಂದ ಎದೆವರೆಗೆ ಮಣಿಸರ. ಅವರಲ್ಲೇ ಒಬ್ಬರಾದ ತುಳಸಿ ಗೌಡರು 2021ರಲ್ಲಿ ಪದ್ಮಶ್ರೀ ತಗೊಳ್ಳಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋದದ್ದೂ ಅದೇ ಉಡುಗೆಯಲ್ಲಿ. ಅವರ ಉಡುಗೆಗೆ ಎಡ, ಬಲ ಎಂಬ ಜೋಡಿ ಬಟ್ಟಲುಗಳೇ ಇಲ್ಲ. ಹಾಗೆಂದು ಅವರಿಗೆ ನನ್ನ ದುಃಖ ಇರಲಾರದು ಎನ್ನಲು ನಾನು ಯಾರು? ಕಾಯಿಲೆ ಉಡುಗೆ ನೋಡಿ ಬರುವುದಿಲ್ಲ. ನನಗಂತೂ ರವಿಕೆ ಬೇಕು, ರವಿಕೆಯೊಳಗೆ ಎರಡೂ ಕಡೆ ತುಂಬಿರಬೇಕು. ಇದನ್ನು ಹೇಳಲು ನಾಲ್ಕು ವರ್ಷ ಹಿಡಿಯಿತು. "ಈ ವಯಸ್ಸಿಗೆ ಯಾಕೆ" ಎಂದವರು ಇದ್ದಾರೆ. ಅವರ ಎರಡೂ ಮಂಡಿಗೆ ಹೊಸ ಕೀಲು ಹಾಕಿಸಿದಾಗ ನಾನು ಹಾಗೆ ಕೇಳಿರಲಿಲ್ಲ.

ಆಪರೇಶನ್ ದೀಪಾವಳಿ ಕಳೆದ ಮೇಲೆ. ಅದಕ್ಕೆ ಮುಂಚೆ ಅಣ್ಣನ ಮಗಳ ಮದುವೆ. ಸೀರೆಗೆ ರವಿಕೆ ಹೊಲಿಸಬೇಕಿತ್ತು. ಪೇಟೆಯಲ್ಲಿ ನನಗೆ ಇಪ್ಪತ್ತು ವರ್ಷದಿಂದ ಹೊಲಿಯುವ ಹೆಂಗಸಿದ್ದಾಳೆ. ಈ ನಾಲ್ಕು ವರ್ಷ ಅವಳ ಅಂಗಡಿಗೆ ಹೋಗಿರಲಿಲ್ಲ, ರೆಡಿಮೇಡ್‌ನಲ್ಲೇ ಕಾಲ ಹಾಕಿದ್ದೆ. ಬಟ್ಟೆ ಕೊಟ್ಟೆ.

"ಅಳತೆ ರವಿಕೆ ತಂದ್ರಾ?" ಎಂದಳು.

ಟ್ರಂಕಿನಲ್ಲಿದ್ದ ಹಳೆಯದನ್ನು ಕೊಟ್ಟೆ, ಆಪರೇಶನ್‌ಗೆ ಮುಂಚಿನದು. ಬಿಡಿಸಿ ನೋಡಿದಳು, ನನ್ನನ್ನು ನೋಡಿದಳು, ಮಡಿಸಿ ವಾಪಸ್ ಕೊಟ್ಟಳು. ಟೇಪು ತೆಗೆದು ನನ್ನನ್ನು ಪರದೆಯ ಹಿಂದೆ ಕರೆದಳು. ಭುಜದಿಂದ ಕೆಳಗೆ ಬಲಗಡೆ ಒಮ್ಮೆ ಅಳೆದಳು, ಎಡಗಡೆ ಒಮ್ಮೆ ಅಳೆದಳು. ಏನೂ ಕೇಳಲಿಲ್ಲ. ಚೀಟಿಯಲ್ಲಿ ಪೆನ್ಸಿಲಿನಿಂದ "ಬ" ಎಂದು ಬರೆದು ಒಂದು ಅಂಕಿ, "ಎ" ಎಂದು ಬರೆದು ಇನ್ನೊಂದು ಅಂಕಿ ಹಾಕಿದಳು.

"ಎಡಗಡೆ ಒಳಗೊಂದು ಜೇಬು ಇಡ್ತೆ. ನವೆಂಬರ್ ಆದ್ಮೇಲೆ ಬೇಡ ಅಂದ್ರೆ ಬಿಚ್ಚುಕೆ ಬತ್ತದೆ" ಎಂದಳು. ಅವಳಿಗೆ ಹೇಳಿದ್ದು ಅತ್ತಿಗೆಯೇ ಇರಬೇಕು.

ನಾನು ಸೀರೆ ಸರಿ ಮಾಡಿಕೊಳ್ಳುತ್ತಿದ್ದೆ. ಅವಳು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಕೇಳಿದಳು, "ಹುಕ್ಕು ಮುಂದೆ ಇಡ್ಲಾ, ಹಿಂದೆ ಇಡ್ಲಾ ಟೀಚರೇ?"